ಉಪ್ಪು ಹಾಕದ ಬಕೆಟ್ಟು

ತದಡಿ ಕಡೆಯ ಐಸ್ ಪ್ಲಾಂಟಿನಿಂದ ತಂದ ಅರ್ಧ ಗಡ್ಡೆಯನ್ನು ಆಟೋದಿಂದ ಇಳಿಸಿ ಶಾಲೆಯ ಜಗಲಿಯ ಮೇಲಿಡುವಷ್ಟರಲ್ಲಿ ಮಕ್ಕಳು ಅದಕ್ಕೆ ಮುತ್ತಿಕೊಂಡಿದ್ದರು. ಗೋಣಿತಾಟು ಸುತ್ತಿ, ಸಂದಿಗೆಲ್ಲ ಮರದ ಹೊಟ್ಟು ತುಂಬಿ, ತೆಂಗಿನ ನಾರಿನ ಹಗ್ಗ ಬಿಗಿದಿತ್ತು. ಹಗ್ಗ ಬಿಚ್ಚಿ ಹೊಟ್ಟು ಕೊಡವಿದ ಮೇಲೆ ಕಂಡದ್ದು, ಅಂಚಿನಲ್ಲಿ ಆಚೆ ಬದಿಯ ಕೈ ಕಾಣುವಷ್ಟು ತಿಳಿಯಾಗಿ, ನಡುವೆ ಮಾತ್ರ ಬೆಳ್ಳಗೆ ಮಬ್ಬಾಗಿದ್ದ ಗಡ್ಡೆ. ಆರನೇ ತರಗತಿಯ ಹುಡುಗನೊಬ್ಬ ಆ ಬಿಳಿಯ ಮೇಲೆ ಬೆರಳಿಟ್ಟ.

"ಅಕ್ಕೋರೇ, ನಡುವೆ ಮಾತ್ರ ಯಾಕೆ ಬಿಳಿ?"

ಅಕ್ಕೋರು ಉತ್ತರ ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಕರಿಹಲಗೆಯ ಮೇಲೆ ಪ್ರಶ್ನೆಯನ್ನು ಅವನು ಕೇಳಿದ ಮಾತಿನಲ್ಲೇ ಬರೆದು, ಮುಂದೆ ಅವನ ಹೆಸರು ಹಾಕಿದರು. ಹೆಸರು ಹಲಗೆಗೆ ಏರಿದ್ದೇ ತಡ, ಉಳಿದವರಿಗೂ ಪ್ರಶ್ನೆಗಳು ಹುಟ್ಟತೊಡಗಿದವು. ದೋಣಿಗೆ ಹೋಗುವವರ ಮನೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ಐಸ್ ಪ್ಲಾಂಟಿಗೆ ಹೋಗಿ ಬಂದವಳು. ಅಲ್ಲಿ ದೊಡ್ಡ ಟ್ಯಾಂಕಿಯಲ್ಲಿ ಉಪ್ಪುನೀರು ಇರುತ್ತದೆ, ಅದರಲ್ಲಿ ಸಿಹಿನೀರು ತುಂಬಿದ ಉದ್ದನೆಯ ಟಿನ್ನುಗಳನ್ನು ಇಳಿಬಿಟ್ಟಿರುತ್ತಾರೆ, ಟಿನ್ನಿನೊಳಗಿನ ನೀರು ಗಡ್ಡೆಯಾಗುತ್ತದೆ ಎಂದು ವಿವರಿಸಿದಳು. ಒಂದು ಕ್ಷಣ ನಿಂತು ಅವಳೇ ಸೇರಿಸಿದಳು: "ಹೊರಗಿನ ಉಪ್ಪುನೀರು ಮಾತ್ರ ನೀರಾಗೇ ಇರ್ತದೆ. ಅದ್ಯಾಕೆ ಗಟ್ಟಿ ಆಗೂದಿಲ್ಲ?" ಅದೂ ಹಲಗೆಗೆ ಏರಿತು.

ಮೇ ತಿಂಗಳು. ಕುಮಟಾ ತಾಲೂಕಿನ ಗೋಕರ್ಣ ದಿಕ್ಕಿನ ಒಂದು ಊರು. ಬೇಸಿಗೆ ಶಿಬಿರಕ್ಕೆ ಬಂದವರು ಐದರಿಂದ ಏಳನೇ ತರಗತಿಯ ಮಕ್ಕಳು. ಆ ದಿನದ ಪಾಠ ಐಸ್‌ಕ್ರೀಮ್. ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ ಎಂದು ನನಗೆ ಅಲ್ಲಿ ನಿಂತಾಗ ಅನಿಸಿತು. ಒಂದು ಬದಿಗೆ ಅಘನಾಶಿನಿ ಕಡಲು ಸೇರುವಲ್ಲಿ ತದಡಿ ಬಂದರು, ಅಲ್ಲಿ ಮೀನಿಗಾಗಿ ಐಸು. ಇನ್ನೊಂದು ಬದಿಗೆ ಸಾಣಿಕಟ್ಟಾದ ಆಗರ, ಅಲ್ಲಿ ಉಪ್ಪು. ಮಳೆ ಮುಗಿದ ಮೇಲೆ ಅಳಿವೆಯ ಉಪ್ಪುನೀರನ್ನು ಗದ್ದೆಗೆ ಬಿಟ್ಟುಕೊಂಡು, ಒಂದು ಅಂಕಣದಿಂದ ಇನ್ನೊಂದಕ್ಕೆ ದಾಟಿಸುತ್ತ, ಬಿಸಿಲಿಗೆ ಇಂಗಿಸಿ, ಹರಳುಗಟ್ಟಿದ್ದನ್ನು ಮರದ ಹಲಗೆಯಲ್ಲಿ ಎಳೆದು ರಾಶಿ ಹಾಕುವ ಕೆಲಸ ಅಲ್ಲಿ ತಲೆಮಾರುಗಳಿಂದ ನಡೆದಿದೆ. ಮಣ್ಣಿನ ಛಾಯೆ ಹೊತ್ತ ಆ ದಪ್ಪ ಹರಳುಪ್ಪು ಕರಾವಳಿಯ ಉಪ್ಪಿನಕಾಯಿ ಭರಣಿಗಳಿಗೆ ಬೇಕೇ ಬೇಕು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದನ್ನು ಪಾಠದಲ್ಲಿ ಓದಿದ ಈ ಮಕ್ಕಳಿಗೆ ಉಪ್ಪು ಪುಸ್ತಕದಲ್ಲೂ ಉಂಟು, ಅಂಗಳದಲ್ಲೂ ಉಂಟು. ಐಸು ಮತ್ತು ಉಪ್ಪು ಎರಡನ್ನೂ ಹುಟ್ಟಿನಿಂದ ಕಂಡವರು ಅವೆರಡೂ ಸೇರಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಕೈಯಾರೆ ನೋಡಿರಲಿಲ್ಲ.

ಹಾಲು ಬೆಳಿಗ್ಗೆಯೇ ಕಾದಿತ್ತು. ಕಾಸಿ, ಮುಕ್ಕಾಲು ಭಾಗಕ್ಕೆ ಬತ್ತಿಸಿ, ಸಕ್ಕರೆ ಹಾಕಿ, ಆರಿಸಿ ಇಟ್ಟಿದ್ದರು. ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣುಗಳು ಬುಟ್ಟಿಯಲ್ಲಿದ್ದವು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಅದರ ಸಿಪ್ಪೆ ಸುಲಿದು ರಸ ಹಿಂಡುವ ಕೆಲಸಕ್ಕೆ ಜಗಳವೇ ಆಯಿತು. ಬೆರಳು ನೆಕ್ಕಿದವರನ್ನು ಕೈ ತೊಳೆಯಲು ಬಾವಿಕಟ್ಟೆಗೆ ಕಳಿಸಲಾಯಿತು. ಐಸನ್ನು ಗೋಣಿಯೊಳಗೆ ಹಾಕಿ ಕೊಡತಿಯಲ್ಲಿ ಕುಟ್ಟುವ ಪಾಳಿ ಏಳನೆಯವರದು. ಅಕ್ಕೋರು ಒಂದು ಮಾತನ್ನು ಎಲ್ಲರಿಂದ ಎರಡೆರಡು ಸಲ ಹೇಳಿಸಿದರು: ಈ ಐಸು ತಂಪು ಮಾಡುವುದಕ್ಕೆ, ತಿನ್ನುವುದಕ್ಕಲ್ಲ. ಮೀನಿಗೆ ಹಾಕುವ ಐಸಿನ ನೀರು ಕುಡಿಯುವ ನೀರಲ್ಲ. ಒಂದು ಚೂರೂ ಬಾಯಿಗೆ ಹೋಗಬಾರದು, ಹಾಲಿನ ಕ್ಯಾನಿನೊಳಗೂ ಬೀಳಬಾರದು.

ಆಮೇಲೆ ನಡೆದದ್ದೇ ಇಡೀ ಪಾಠದ ಹೂರಣ. ಎರಡು ಬಕೆಟ್, ಎರಡು ಸ್ಟೀಲ್ ಕ್ಯಾನು, ಒಂದೇ ಪಾತ್ರೆಯಿಂದ ಅಳೆದು ಸುರಿದ ಹಾಲು. ಕ್ಯಾನಿನ ಸುತ್ತ ಕುಟ್ಟಿದ ಐಸು, ತಕ್ಕಡಿಯಲ್ಲಿ ತೂಗಿ ಹಾಕಿದ್ದು. ಒಂದು ಬಕೆಟ್ಟಿನ ಐಸಿಗೆ ಮೂರು ಪಾಲಿಗೆ ಒಂದು ಪಾಲಿನಂತೆ ಹರಳುಪ್ಪು. ಇನ್ನೊಂದಕ್ಕೆ ಉಪ್ಪಿಲ್ಲ. ಯಾವ ತಂಡಕ್ಕೆ ಯಾವ ಬಕೆಟ್ ಎಂದು ಚೀಟಿ ಎತ್ತಿದರು. ಉಪ್ಪಿಲ್ಲದ್ದು ಸಿಕ್ಕ ತಂಡಕ್ಕೆ ಮೊದಲು ಖುಷಿಯೇ ಆಯಿತು.

"ಉಪ್ಪು ಹಾಕಿದ್ರೆ ಐಸು ಬೇಗ ಕರಗ್ತದೆ ಅಕ್ಕೋರೇ. ಕರಗಿ ಹೋದ್ರೆ ತಂಪೆಲ್ಲಿ ಉಳೀತದೆ? ಅವರದ್ದು ಆಗೂದಿಲ್ಲ, ನಮ್ದೇ ಆಗೂದು."

"ನೀನು ಹೇಳಿದ್ದು ಬರೀ ತಮ್ಮಾ, ಹಲಗೆ ಮೇಲೆ," ಎಂದರು ಅಕ್ಕೋರು. ಇನ್ನೊಬ್ಬಳು ಉಪ್ಪಿಗೇ ತಂಪಿನ ಗುಣ ಇದೆ ಎಂದಳು. ಉಪ್ಪಿನ ಪೊಟ್ಟಣವನ್ನು ಎಲ್ಲರ ಕೈಗೂ ದಾಟಿಸಲಾಯಿತು. ಥರ್ಮಾಮೀಟರನ್ನು ಉಪ್ಪಿನೊಳಗೆ ಹೂತು ನೋಡಿದರೆ ಅದು ಜಗಲಿಯ ಗಾಳಿಯಷ್ಟೇ ಬೆಚ್ಚಗೆ, 32 ಡಿಗ್ರಿ ತೋರಿಸಿತು. ಹಾಗಾದರೆ ಉಪ್ಪು ತಂಪಲ್ಲ. ಅದನ್ನೂ ಬರೆದರು.

ಉಪ್ಪಿಲ್ಲದ ಬಕೆಟ್ಟಿನಲ್ಲಿ ಥರ್ಮಾಮೀಟರಿನ ಕೆಂಪು ದಾರ ಸೊನ್ನೆಗೆ ಬಂದು ನಿಂತಿತು. ಎಷ್ಟು ಹೊತ್ತು ಕಾದರೂ ಸೊನ್ನೆ. ಉಪ್ಪು ಬಿದ್ದ ಬಕೆಟ್ಟಿನಲ್ಲಿ ಅದು ಸೊನ್ನೆ ದಾಟಿ ಇಳಿಯಿತು. ಮೈನಸ್ 4, ಮೈನಸ್ 7. ಲ್ಯಾಬಿನ ಸಾಮಾನ್ಯ ಥರ್ಮಾಮೀಟರಿನ ಗೀಟುಗಳು ಮೈನಸ್ 10ಕ್ಕೆ ಮುಗಿಯುತ್ತವೆ. ಕೆಂಪು ಬಣ್ಣ ಆ ಕೊನೆಯ ಗೀಟನ್ನೂ ಬಿಟ್ಟು ಕೆಳಗಿನ ಬರಿಯ ಗಾಜಿಗೆ ಜಾರಿದಾಗ ಓದುತ್ತಿದ್ದ ಹುಡುಗಿ ಹೆದರಿ ಅದನ್ನು ಮೇಲೆತ್ತಿಬಿಟ್ಟಳು.

"ಅಕ್ಕೋರೇ, ಇದು ಕೆಟ್ಟೋಯ್ತು!"

"ಕೆಟ್ಟಿಲ್ಲ ತಂಗೀ. ಗೀಟು ಮುಗೀತು, ಅಷ್ಟೇ. ಗೀಟು ಇಲ್ಲದ ಕಡೆ ಅಳೆಯೂದು ಹೇಗೆ, ಹೇಳು?"

ಆಕೆ ಸ್ವಲ್ಪ ಹೊತ್ತು ಥರ್ಮಾಮೀಟರನ್ನೇ ನೋಡಿದಳು. ನೋಟ್‌ಬುಕ್ಕಿನ ಹಾಳೆ ಹರಿದು, ಅದರ ಅಂಚನ್ನು ಗಾಜಿಗೆ ಹಿಡಿದು, ಸೊನ್ನೆಯಿಂದ ಮೈನಸ್ 10ರವರೆಗಿನ ಉದ್ದಕ್ಕೆ ಪೆನ್ಸಿಲಿನ ಎರಡು ಗುರುತು ಹಾಕಿಕೊಂಡಳು. ನಡುವೆ ಮಡಿಸಿ ಅರ್ಧ ಮಾಡಿದಳು. ಆ ಅರ್ಧವನ್ನು ಕೊನೆಯ ಗೀಟಿನ ಕೆಳಗೆ ಹಿಡಿದು, ಥರ್ಮಾಮೀಟರನ್ನು ಮತ್ತೆ ಉಪ್ಪೈಸಿಗೆ ಅದ್ದಿ, ಸರಕ್ಕನೆ ಎತ್ತಿ, ಕಣ್ಣಿನ ಮಟ್ಟಕ್ಕೆ ತಂದು ಓದಿದಳು. "ಮೈನಸ್ ಹದಿನೈದಕ್ಕೆ ಒಂಚೂರು ಕಮ್ಮಿ." ನನ್ನ ಮಟ್ಟಿಗೆ ಆ ದಿನದ ಅತ್ಯಂತ ದೊಡ್ಡ ವಿಜ್ಞಾನ ಆ ಹಾಳೆಯ ತುಂಡಿನಲ್ಲಿ ನಡೆಯಿತು. ಅಡುಗೆ ಉಪ್ಪು ಮತ್ತು ಐಸಿನ ಮಿಶ್ರಣ ಹೆಚ್ಚೆಂದರೆ ಮೈನಸ್ 21 ಡಿಗ್ರಿಯವರೆಗೆ ಇಳಿಯಬಲ್ಲದು, ಅದೂ ತೂಕದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಉಪ್ಪು ಇದ್ದಾಗ. ಜಗಲಿಯಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಮೇ ತಿಂಗಳ ಗಾಳಿಯಲ್ಲಿ ಮೈನಸ್ 15 ಕೈಗೆ ಸಿಕ್ಕಿದ್ದು ಚೆನ್ನಾಗಿಯೇ ಸಿಕ್ಕಿತು. ಜ್ವರ ನೋಡುವ ಫ್ಯಾರನ್‌ಹೀಟ್ ಅಳತೆಗೋಲಿನ ಸೊನ್ನೆಯೂ ಹುಟ್ಟಿದ್ದು ಹೀಗೇ. ಐಸು, ನೀರು ಮತ್ತು ನವಸಾಗರ ಬೆರೆಸಿ ಸಿಕ್ಕ ತಂಪನ್ನು ಸೊನ್ನೆ ಎಂದು ಕರೆದು 1724ರಲ್ಲಿ ಫ್ಯಾರನ್‌ಹೀಟ್ ತನ್ನ ಅಳತೆಯನ್ನು ಪ್ರಕಟಿಸಿದ. ನಮ್ಮ ಲೆಕ್ಕದಲ್ಲಿ ಅದು ಮೈನಸ್ 18ರ ಆಸುಪಾಸು.

ಕ್ಯಾನು ತಿರುಗಿಸುವುದು ಬೇಸರದ ಕೆಲಸ. ಹಿಡಿಕೆ ಹಿಡಿದು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು. ಆಗಾಗ ಮುಚ್ಚಳ ತೆಗೆದು, ಬದಿಗೆ ಅಂಟಿದ್ದನ್ನು ಮರದ ಸೌಟಿನಲ್ಲಿ ಕೆರೆದು ನಡುವೆ ತರಬೇಕು. ಕೈ ಸೋತವರು ಪಾಳಿ ಬದಲಿಸುವಾಗ ಅಕ್ಕೋರು ಕತೆ ಹೇಳಿದರು. ಗಡ್ಡೆಗೆ ಸುತ್ತಿದ್ದ ಮರದ ಹೊಟ್ಟಿನ ಕತೆ ಮೊದಲು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಟಸ್ಕನಿ ಎಂಬ ಹಡಗು ಸುಮಾರು 180 ಟನ್ ಐಸು ಹೊತ್ತು ಹೊರಟು ನಾಲ್ಕು ತಿಂಗಳ ಮೇಲೆ ಕಲ್ಕತ್ತೆ ಮುಟ್ಟಿತು. ಕೆರೆಗಳ ಮೇಲೆ ಚಳಿಗಾಲದಲ್ಲಿ ಕಟ್ಟಿದ ಐಸನ್ನು ಕೊಯ್ದು ತುಂಬಿದ್ದರು. ಹಡಗು ಕಡಲಲ್ಲಿ ಬೆಂದರೂ 100 ಟನ್ನಿನಷ್ಟು ಉಳಿದಿತ್ತು. ಉಳಿಸಿದ್ದು ಹೊಟ್ಟಿನಂಥ ಒಣ ಸಾಮಾನು ಮತ್ತು ಅದರ ಎಡೆಯಲ್ಲಿ ಸಿಕ್ಕಿಬಿದ್ದ ಗಾಳಿ. ಆಮೇಲೆ ಅಕ್ಬರನ ಕತೆ. ಮದ್ದಿನ ಪುಡಿಯಲ್ಲಿ ಬೆಂಕಿ ಉಗುಳುವ ಪೆಟ್ಲುಪ್ಪನ್ನೇ ಅವನ ಮನೆಯಲ್ಲಿ ನೀರು ತಂಪು ಮಾಡಲು ಬಳಸುತ್ತಿದ್ದರೆಂದು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ. ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು, ಅದರೊಳಗೆ ಕುಡಿಯುವ ನೀರಿನ ಲೋಹದ ಹೂಜಿ, ಕಾಲು ಗಂಟೆ ಅಲ್ಲಾಡಿಸುವುದು. ಐಸೇ ಇಲ್ಲದ ತಂಪು ಅದು. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ನೀರಿನ ಶಾಖವನ್ನೇ ಎಳೆದುಕೊಳ್ಳುತ್ತದೆ. ಮರದ ತೊಟ್ಟಿಯೊಳಗೆ ಕ್ಯಾನಿಟ್ಟು ಹಿಡಿಕೆಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ 1843ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ನ್ಯಾನ್ಸಿ ಜಾನ್ಸನ್ ಎಂಬ ಹೆಂಗಸು ಎಂದಾಗ ಹುಡುಗಿಯರ ಕೈ ಇನ್ನಷ್ಟು ಚುರುಕಾಯಿತು.

ಅರ್ಧ ಗಂಟೆಯಾಗಿರಬಹುದು, ಎರಡೂ ಕ್ಯಾನುಗಳ ಮುಚ್ಚಳ ತೆಗೆದರು. ಉಪ್ಪಿನ ಬಕೆಟ್ಟಿನ ಕ್ಯಾನಿನಲ್ಲಿ ಸೌಟು ನೆಟ್ಟಗೆ ನಿಂತಿತು. ಉಪ್ಪಿಲ್ಲದ್ದರಲ್ಲಿ ಮಾವಿನ ಹಳದಿ ಹಾಲು, ಚೆನ್ನಾಗಿ ತಂಪಾಗಿ, ಸೌಟಿನಿಂದ ಧಾರೆಯಾಗಿ ಇಳಿಯಿತು. ನಮ್ಮದೇ ಆಗುವುದು ಎಂದಿದ್ದ ಹುಡುಗನ ಮುಖ ನೋಡಲಾಗಲಿಲ್ಲ. ತೋಳು ನೋಯುವಂತೆ ತಿರುಗಿಸಿದ್ದು ಅವರೂ. ಅವನ ತಂಡದ ಪುಟ್ಟವಳೊಬ್ಬಳ ಕಣ್ಣಲ್ಲಿ ನೀರೇ ಬಂತು.

ಅಕ್ಕೋರು ಆ ತಂಡವನ್ನೇ ಮುಂದೆ ಕೂರಿಸಿಕೊಂಡರು. "ಇವತ್ತು ನೀವು ಮಾಡಿದ್ದು ಇಲ್ಲದಿದ್ರೆ ಅವರದ್ದು ಉಪ್ಪಿನಿಂದಲೇ ಆಯ್ತು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದರು. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಇದ್ದ ವಿಷಯವೇ ಅದು. ಹಾಲು ಒಂದೇ, ಕ್ಯಾನು ಒಂದೇ ಬಗೆಯದು, ಐಸಿನ ತೂಕ ಒಂದೇ, ತಿರುಗಿಸಿದ ಹೊತ್ತು ಒಂದೇ. ಬೇರೆಯಾದದ್ದು ಉಪ್ಪು ಮಾತ್ರ.

ಬರಿ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆಯಾಗುತ್ತದೆ. ಹಾಲು ಹೆಪ್ಪುಗಟ್ಟುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅದಕ್ಕೆ ಸಕ್ಕರೆಯೂ ಸೇರಿದರೆ ಮೈನಸ್ 2, ಮೈನಸ್ 3ರ ತನಕ ಅದು ನೀರಾಗಿಯೇ ಇರುತ್ತದೆ. ಸೊನ್ನೆಯಲ್ಲಿ ನಿಂತ ಐಸು ಮೈನಸ್ 3ನ್ನು ಎಲ್ಲಿಂದ ಕೊಟ್ಟೀತು? ದಿನವಿಡೀ ತಿರುಗಿಸಿದರೂ ಆಗದು. ಆದರೆ ಉಪ್ಪು ಬಿದ್ದ ಐಸು ಕರಗುತ್ತ ಕರಗುತ್ತಲೇ ಸೊನ್ನೆಗಿಂತ ಕೆಳಗೆ ಹೋದದ್ದು ಹೇಗೆ? ಉಪ್ಪು ಐಸನ್ನು ಕರಗಿಸುತ್ತದೆ ಎಂದ ಹುಡುಗನ ಮಾತು ಸರಿಯೇ ಇತ್ತು. ಕರಗಿದ್ದರಿಂದಲೇ ತಂಪಾಯಿತು ಎಂಬುದು ಅವನಿಗೆ ತಿರುವುಮುರುವಾಗಿ ಕಂಡಿತ್ತು.

ಅಕ್ಕೋರು ತಾರಿಯ ಉದಾಹರಣೆ ಕೊಟ್ಟರು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ಹೋಗುವ ತಾರಿ ಈ ಮಕ್ಕಳೆಲ್ಲ ಹತ್ತಿದ್ದೇ. ಒಂದು ದಡ ಐಸು, ಇನ್ನೊಂದು ದಡ ನೀರು. ನೀರಿನ ಕಣಗಳು ಸದಾ ಓಡಾಡುತ್ತಿರುತ್ತವೆ. ಐಸಿನ ದಡ ಬಿಟ್ಟು ಬರುವ ಕಣ ತಾರಿಯ ಹಣ ತೆರಬೇಕು, ಆ ಹಣವೇ ಶಾಖ. ನೀರಿನ ದಡದಿಂದ ಐಸಿಗೆ ವಾಪಸಾಗುವ ಕಣ ಅಷ್ಟೇ ಹಣ ಹಿಂದಕ್ಕೆ ಕೊಡುತ್ತದೆ. ಸೊನ್ನೆ ಡಿಗ್ರಿಯಲ್ಲಿ ಹೋಗುವವರು, ಬರುವವರು ಸರಿಸಮ. ಲೆಕ್ಕ ಚುಕ್ತಾ. ಈಗ ನೀರಿನ ದಡದಲ್ಲಿ ಉಪ್ಪಿನ ಕಣಗಳು ಬಂದು ಸೇರಿದವು. ಅವಕ್ಕೆ ಐಸಿನ ಊರಿನಲ್ಲಿ ಜಾಗವಿಲ್ಲ, ದಕ್ಕೆಯ ಮೇಲೇ ನಿಂತುಬಿಡುತ್ತವೆ. ವಾಪಸಾಗುವ ನೀರಿನ ಕಣಗಳಿಗೆ ತಾರಿ ಹತ್ತಲು ಅವಕಾಶ ಕಡಿಮೆಯಾಯಿತು. ಆ ಕಡೆಯಿಂದ ಬರುವವರು ಬರುತ್ತಲೇ ಇದ್ದಾರೆ, ಹಣ ತೆರುತ್ತಲೇ ಇದ್ದಾರೆ. ಹಿಂದಕ್ಕೆ ಬರುವ ಹಣ ಕಮ್ಮಿ. ಕೊನೆಗೆ ಬಕೆಟ್ಟಿನ ಚೀಲ ಬರಿದಾಗುತ್ತದೆ, ಹಾಲಿನ ಕ್ಯಾನಿನಲ್ಲಿದ್ದ ಶಾಖವೂ ಅದಕ್ಕೇ ಖರ್ಚಾಗುತ್ತದೆ. ಎಷ್ಟು ದೊಡ್ಡ ಹಣ ಎಂಬುದಕ್ಕೂ ಅವರು ಲೆಕ್ಕ ಕೊಟ್ಟರು: ಸೊನ್ನೆ ಡಿಗ್ರಿಯ ಒಂದು ಗ್ರಾಂ ಐಸನ್ನು ಸೊನ್ನೆ ಡಿಗ್ರಿಯ ನೀರು ಮಾಡಲು ಬೇಕಾದ ಶಾಖದಲ್ಲಿ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಐಸ್ ಪ್ಲಾಂಟಿನ ಟ್ಯಾಂಕಿಯ ಉಪ್ಪುನೀರು ಯಾಕೆ ಗಟ್ಟಿಯಾಗುವುದಿಲ್ಲ ಎಂದು ಬೆಳಿಗ್ಗೆ ಕೇಳಿದ್ದ ಹುಡುಗಿ ಎದ್ದು ನಿಂತು, "ಅಲ್ಲೂ ಉಪ್ಪು ದಕ್ಕೆ ಮೇಲೇ ನಿಂತಿರ್ತದೆ" ಎಂದಳು. ಅವಳ ಪ್ರಶ್ನೆಯ ಮುಂದೆ ಅವಳ ಕೈಯಿಂದಲೇ ಉತ್ತರ ಬರೆಸಿದರು.

ತಾರಿಯ ಆ ಹಣಕ್ಕೆ ಗುಪ್ತೋಷ್ಣ ಎನ್ನುತ್ತಾರೆ ಎಂಬ ಮಾತು ಬಂದದ್ದು ಅದೂ ಆದಮೇಲೆ. ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ನಡೆಯುತ್ತದೆ. ಗುಪ್ತೋಷ್ಣದ ವ್ಯಾಖ್ಯೆ ಮೊದಲು, ಗ್ರಾಂಗೆ 334 ಜೂಲ್ ಎಂಬ ಅಂಕಿ ಆಮೇಲೆ, ಎರಡು ಅಂಕದ ಪ್ರಶ್ನೆ ಕೊನೆಗೆ. ಐಸು ಮುಟ್ಟದೆಯೇ ಮಗು ಪಾಸಾಗುತ್ತದೆ. ಇದಕ್ಕೆ ಬೇಸತ್ತವರು ಈಗ ಅಲ್ಲಲ್ಲಿ 'ಮೋಜಿನ ವಿಜ್ಞಾನ'ದ ಶಿಬಿರ ನಡೆಸುತ್ತಾರೆ, ಐಸ್‌ಕ್ರೀಮ್ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ಬಹಳ ಕಡೆ ಇರುವುದು ಒಂದೇ ಬಕೆಟ್ಟು, ಉಪ್ಪು ಹಾಕಿದ್ದು. ಎಲ್ಲರದೂ ಗಟ್ಟಿಯಾಗುತ್ತದೆ, ಎಲ್ಲರೂ ತಿನ್ನುತ್ತಾರೆ, ಫೋಟೊ ತೆಗೆಯುತ್ತಾರೆ. ಉಪ್ಪು ಯಾಕೆ ಎಂದು ಮನೆಗೆ ಹೋದಮೇಲೆ ಕೇಳಿದರೆ ಮಗು ಹೇಳುವುದು "ಅವರು ಹಾಕು ಅಂದ್ರು". ಹಾಗಾದರೆ ಅದು ಅಡುಗೆ ಪಾಠ. ಅಡುಗೆ ಪಾಠವನ್ನು ನಾನು ಕೀಳು ಮಾಡುತ್ತಿಲ್ಲ, ಅದೂ ಬೇಕು. ಆದರೆ ಅದನ್ನು ವಿಜ್ಞಾನ ಎಂದು ಕರೆಯಬೇಕಾದರೆ ಉಪ್ಪು ಹಾಕದ ಬಕೆಟ್ಟು ಪಕ್ಕದಲ್ಲಿ ಇರಲೇಬೇಕು. ಸ್ವಲ್ಪ ಹಾಲು ಗಟ್ಟಿಯಾಗದೆ ಉಳಿಯಬೇಕು, ಒಂದಿಷ್ಟು ಮಕ್ಕಳಿಗೆ ನಿರಾಸೆಯಾಗಬೇಕು. ಆ ನಿರಾಸೆಯನ್ನು ಜೋಪಾನವಾಗಿ ಎತ್ತಿಕೊಳ್ಳುವ ಅಕ್ಕೋರು ಇರಬೇಕು.

ಗಟ್ಟಿಯಾಗದ ಹಾಲಿಗೂ ಉಪ್ಪೈಸಿನ ಪಾಲು ಬಂತು. ಈ ಸಲ ಅಕ್ಕೋರು ಅದರಲ್ಲಿ ಒಂದು ಲೋಟದಷ್ಟನ್ನು ಚಿಕ್ಕ ಡಬ್ಬಿಗೆ ಹಾಕಿ, ಇದನ್ನು ಯಾರೂ ಮುಟ್ಟಬೇಡಿ, ಅಲ್ಲಾಡಿಸಬೇಡಿ ಎಂದು ಬದಿಗೆ ಹೂತಿಟ್ಟರು. ಅದು ಗಟ್ಟಿಯಾದ ಮೇಲೆ ತಿರುಗಿಸಿದ್ದನ್ನೂ ತಿರುಗಿಸದ್ದನ್ನೂ ಕರಟದ ಬಟ್ಟಲುಗಳಲ್ಲಿ ಅಕ್ಕಪಕ್ಕ ಇಟ್ಟು, ಹಲಸಿನ ಎಲೆಯ ಚಮಚದಲ್ಲಿ ಒಂದೊಂದು ಚೂರು ಕೊಟ್ಟು, ಕಣ್ಣು ಮುಚ್ಚಿ ತಿನ್ನಲು ಹೇಳಿದರು. ಎರಡನೆಯದು ನಾಲಗೆಗೆ ಕರಕರ ಎಂದಿತು. ಅಲ್ಲಾಡಿಸದೆ ಬಿಟ್ಟ ಹಾಲಿನಲ್ಲಿ ಐಸಿನ ಹರಳುಗಳು ನಿಧಾನವಾಗಿ, ನಿರಾತಂಕವಾಗಿ ದೊಡ್ಡದಾಗುತ್ತವೆ. ಕೆರೆದು ತಿರುಗಿಸುತ್ತಿದ್ದರೆ ಬೆಳೆಯುವ ಮೊದಲೇ ಮುರಿದು, ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳಾಗಿ ಹರಡುತ್ತವೆ. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಹರಳು ದೊಡ್ಡದಾದರೆ ನಾಲಗೆ ಅದನ್ನು ಗುರುತಿಸಿಬಿಡುತ್ತದೆ. ಮೈಕ್ರೊಸ್ಕೋಪ್ ಇಲ್ಲದ ಶಾಲೆಯಲ್ಲೂ ಅಷ್ಟು ನಯವಾದ ಒಂದು ಉಪಕರಣ ಪ್ರತಿ ಮಗುವಿನ ಬಾಯಲ್ಲಿದೆ.

ಇಲ್ಲಿಂದ ಮಾತು ಐಸ್ ಕ್ಯಾಂಡಿಗೆ ಹೋಯಿತು. ಕ್ಯಾಂಡಿಯನ್ನು ಜೋರಾಗಿ ಚೀಪಿದರೆ ಬಣ್ಣ, ಸಿಹಿ ಎರಡೂ ಬಾಯಿಗೆ ಬಂದು ಕಡ್ಡಿಯ ಮೇಲೆ ಬರಿ ಬಿಳಿ ಐಸು ಉಳಿಯುವುದು ಯಾವ ಮಗುವಿಗೆ ಗೊತ್ತಿಲ್ಲ? ನೀರು ಗಡ್ಡೆಯಾಗುವಾಗ ತನ್ನವರನ್ನು ಮಾತ್ರ ಸೇರಿಸಿಕೊಂಡು ಸಕ್ಕರೆಯನ್ನು, ಬಣ್ಣವನ್ನು ಹೊರಗೆ ತಳ್ಳುತ್ತದೆ. ತಳ್ಳಿಸಿಕೊಂಡ ಪಾಕ ಹರಳುಗಳ ಸಂದಿಯಲ್ಲಿ ನಿಲ್ಲುತ್ತದೆ, ನಾವು ಚೀಪುವುದು ಅದನ್ನೇ. ನಡುವಿನ ಬಿಳಿಯ ಬಗ್ಗೆ ಕೇಳಿದ್ದ ಹುಡುಗ ಇದನ್ನು ಕೇಳುತ್ತ ಕೂತವನು ಎದ್ದು ಹೋಗಿ, ಉಳಿದ ಗಡ್ಡೆಯನ್ನು ಮತ್ತೆ ನೋಡಿ ಬಂದ. ಟಿನ್ನಿನೊಳಗೆ ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗಿದೆ. ನೀರಿನಲ್ಲಿ ಕರಗಿದ್ದ ಗಾಳಿಯನ್ನು, ಲವಣಗಳನ್ನು ಒಳಕ್ಕೊಳಕ್ಕೆ ತಳ್ಳಿದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಗಾಳಿ ನಡುವೆ ಸಣ್ಣ ಗುಳ್ಳೆಗಳಾಗಿ ಸಿಕ್ಕಿಕೊಂಡಿದೆ. ಅಕ್ಕೋರು ಅವನಿಗೆ ಇದನ್ನು ಹೇಳಿಕೊಡಲಿಲ್ಲ. "ಅಲ್ಲೂ ತಳ್ಳಿದ್ದೇ ಅಲ್ವಾ?" ಎಂದು ಅವನೇ ಬಂದು ಕೇಳಿದ, ಅವರು ಹೌದೆಂದರು.

ಗಾಳಿಯ ವಿಷಯ ಬಂದದ್ದರಿಂದ ತೂಕಕ್ಕೂ ಬಂದರು. ಅಂಗಡಿಯಲ್ಲಿ ಐಸ್‌ಕ್ರೀಮ್ ಕೊಳ್ಳುವಾಗ ಡಬ್ಬಿಯ ಮೇಲೆ ಲೀಟರು, ಮಿಲಿಲೀಟರುಗಳು ದೊಡ್ಡದಾಗಿ ಕಾಣುತ್ತವೆ. ಗ್ರಾಂ ಎಷ್ಟು ಎಂದು ಕೇಳುವವರು ಕಡಿಮೆ. ಕಡೆಯುವಾಗ ಒಳಸೇರುವ ಗಾಳಿಯೇ ಐಸ್‌ಕ್ರೀಮಿನ ಮೆದು ಗುಣಕ್ಕೆ ಕಾರಣ, ಹಾಗಾಗಿ ಗಾಳಿ ಬೇಕು. ಎಷ್ಟು ಬೇಕು ಎಂಬುದಕ್ಕೂ ಕಾನೂನು ಇದೆ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಂತೆ ಒಂದು ಲೀಟರ್ ಐಸ್‌ಕ್ರೀಮ್ 525 ಗ್ರಾಂಗಿಂತ ಕಮ್ಮಿ ತೂಗಬಾರದು. ಮಾಮೂಲಿ ಐಸ್‌ಕ್ರೀಮ್ ಎಂದು ಮಾರಬೇಕಾದರೆ ಹಾಲಿನ ಕೊಬ್ಬು ನೂರಕ್ಕೆ 10 ಪಾಲಾದರೂ ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದರೆ ಅದು 'ಫ್ರೋಜನ್ ಡೆಸರ್ಟ್', ಅಕ್ಷರ ಎಷ್ಟೇ ಸಣ್ಣದಿದ್ದರೂ ಡಬ್ಬಿಯ ಮೇಲೆ ಹಾಗೆಂದೇ ಬರೆದಿರುತ್ತದೆ. ಮಕ್ಕಳು ತಮ್ಮ ಕೈಕಡೆದ ಐಸ್‌ಕ್ರೀಮನ್ನು 100 ಮಿಲಿಲೀಟರಿನ ಅಳತೆಯ ಲೋಟಕ್ಕೆ ಒತ್ತಿ ತೂಗಿದರೆ ಅದು 90 ಗ್ರಾಂನ ಆಸುಪಾಸು ಬಂತು. ಕೈಯಲ್ಲಿ ಕಡೆದಾಗ ಗಾಳಿ ಹೆಚ್ಚು ಸೇರುವುದಿಲ್ಲ. ಮನೆಗೆ ಹೋಗಿ ಅಂಗಡಿಯ ಕಪ್ಪೊಂದನ್ನು ಕರಗಿಸಿ, ಎಷ್ಟು ಇಳಿಯಿತೆಂದು ಗುರುತು ಹಾಕಿ ತರುವುದು ಮರುದಿನದ ಮನೆಗೆಲಸ. ಇಂಥ ಮನೆಗೆಲಸಕ್ಕೆ ಯಾವ ತಾಯಿಯ ಗದರಿಕೆಯೂ ಬೇಕಾಗಲಿಲ್ಲ.

ಕ್ಯಾನಿನ ಮುಚ್ಚಳದ ಮೇಲೆ ಅಷ್ಟರಲ್ಲಿ ಬೆಳ್ಳನೆ ಹುಡಿ ಕೂತಿತ್ತು. ಒಳಗಿನ ಉಪ್ಪು ಹೊರಬಂತು ಎಂದರು ಕೆಲವರು. ಐಸು ಸೋಂಕದ, ನಡುವಿನ ಹಿಡಿಕೆಯ ಬುಡದಿಂದ ಒಂದು ಚಿಟಿಕೆ ಕೆರೆದು, ಕರಗಿಸಿ, ನಾಲಗೆಗೆ ತಾಗಿಸಿ ನೋಡಿದರೆ ಸಪ್ಪೆ. ಕರಾವಳಿಯ ಮೇ ತಿಂಗಳ ಗಾಳಿಯಲ್ಲಿ ಬೆವರು ಆರದಷ್ಟು ನೀರಿನ ಆವಿ ಇರುತ್ತದೆ. ಸೊನ್ನೆಗಿಂತ ತಂಪಾದ ಸ್ಟೀಲು ಸಿಕ್ಕಿತೋ, ಅದು ಅಲ್ಲೇ ಐಸಾಗಿ ಕೂರುತ್ತದೆ. ಘಟ್ಟದ ಮೇಲಿನ ಒಣ ಊರುಗಳಲ್ಲಿ ಇದೇ ಪಾಠ ಮಾಡಿದರೆ ಈ ಹುಡಿ ಇಷ್ಟು ದಪ್ಪಕ್ಕೆ ಕಾಣಿಸದು.

ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಉಪ್ಪು ಬೆರೆತ ಐಸನ್ನು ಬರಿಗೈಯಲ್ಲಿ ಹಿಡಿದುಕೊಳ್ಳಬಾರದು. ಬರಿ ಐಸು ಕೊಡುವುದು ಸೊನ್ನೆ, ಇದು ಕೊಡುವುದು ಮೈನಸ್ 15. ನಿಮಿಷಗಳಲ್ಲಿ ಚರ್ಮ ಮರಗಟ್ಟಿ, ಸುಟ್ಟಂತೆ ಗುಳ್ಳೆ ಏಳಬಹುದು. ಮರಗಟ್ಟಿದ ಚರ್ಮಕ್ಕೆ ನೋವೂ ಗೊತ್ತಾಗದಿರುವುದರಿಂದ ಅಪಾಯ ಹೆಚ್ಚು. ಹಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಇನ್ನೊಂದು ಚೀಲದ ಉಪ್ಪೈಸಿನಲ್ಲಿಟ್ಟು ಕುಲುಕುವ ವಿಧಾನದಲ್ಲೂ ದಪ್ಪ ಟವೆಲ್ ಸುತ್ತಿಯೇ ಕುಲುಕಬೇಕು. ಇಲ್ಲಿ ಕ್ಯಾನು ಹಿಡಿದವರ ಕೈಗೆಲ್ಲ ಹಳೆಯ ಬೈರಾಸು ಸುತ್ತಿದ್ದರು.

ತಿಂದು ಮುಗಿಯುವ ಹೊತ್ತಿಗೆ, ಬೆಳಿಗ್ಗೆಯಿಂದ ಹೆಚ್ಚು ಮಾತಾಡದ ಏಳನೆಯ ಹುಡುಗಿಯೊಬ್ಬಳು ಕೇಳಿದಳು: "ಹಾಲು ಆರೂ ತನಕ ಅಷ್ಟೊತ್ತು ಕಾದ್ವಲ್ಲ ಅಕ್ಕೋರೇ, ಬಿಸಿ ಇದ್ದಾಗಲೇ ಇಟ್ಟುಬಿಟ್ಟಿದ್ರೆ ಏನಾಗ್ತಿತ್ತು?" ಉಳಿದವರು ನಕ್ಕರು. ಅಕ್ಕೋರು ನಗಲಿಲ್ಲ. ಅವರು ಎರಾಸ್ಟೊ ಎಂಪೆಂಬಾನ ವಿಷಯ ಹೇಳಿದರು.

ಆಫ್ರಿಕಾದ ಇಂದಿನ ತಾಂಜಾನಿಯಾದಲ್ಲಿ, 1963ರಲ್ಲಿ, ಮಗಾಂಬಾ ಎಂಬಲ್ಲಿಯ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಹುಡುಗ ಅವನು. ಶಾಲೆಯ ಹುಡುಗರು ಹಾಲು ಕಾಸಿ ಸಕ್ಕರೆ ಬೆರೆಸಿ, ಆರಿಸಿ, ಫ್ರೀಜರಿನಲ್ಲಿಟ್ಟು ಐಸ್‌ಕ್ರೀಮ್ ಮಾಡಿಕೊಳ್ಳುತ್ತಿದ್ದರು. ಫ್ರೀಜರಿನಲ್ಲಿ ಜಾಗಕ್ಕೆ ಪೈಪೋಟಿ. ಒಂದು ದಿನ ಇನ್ನೊಬ್ಬ ಹುಡುಗ ಹಾಲು ಕಾಸದೆಯೇ ಇಡಲು ಹೊರಟಿದ್ದನ್ನು ಕಂಡು, ಜಾಗ ಹೋಗುತ್ತದೆಂದು ಎಂಪೆಂಬಾ ತನ್ನ ಬಿಸಿ ಹಾಲನ್ನೇ ಒಳಗಿಟ್ಟ. ಒಂದೂವರೆ ಗಂಟೆಯ ಮೇಲೆ ನೋಡಿದರೆ ಅವನದು ಗಟ್ಟಿಯಾಗಿತ್ತು, ಇನ್ನೊಬ್ಬನದು ಆಗಿರಲಿಲ್ಲ. ಮಾಸ್ತರರನ್ನು ಕೇಳಿದ. ನಿನಗೆ ಗೊಂದಲವಾಗಿದೆ ಎಂದರು. ಮುಂದೆ ಇರಿಂಗಾದ ಶಾಲೆಯಲ್ಲಿ ಮತ್ತೆ ಕೇಳಿದಾಗ, ಅದು ಎಲ್ಲೆಡೆಯ ಭೌತಶಾಸ್ತ್ರವಲ್ಲ, ಎಂಪೆಂಬಾನ ಭೌತಶಾಸ್ತ್ರ ಎಂಬ ಹಂಗಣೆ ಸಿಕ್ಕಿತು. ಲೆಕ್ಕದಲ್ಲಿ ತಪ್ಪಿದರೂ ಸಹಪಾಠಿಗಳು ಅದನ್ನು ಎಂಪೆಂಬಾನ ಗಣಿತ ಎನ್ನತೊಡಗಿದರು. ಅವನು ಕೇಳುವುದನ್ನು ಬಿಡಲಿಲ್ಲ. ದಾರ್ ಎಸ್ ಸಲಾಮ್‌ನಿಂದ ಡೆನಿಸ್ ಆಸ್ಬರ್ನ್ ಎಂಬ ಭೌತವಿಜ್ಞಾನಿ ಶಾಲೆಗೆ ಬಂದಾಗ ಎಲ್ಲರೆದುರು ಎದ್ದು ಅದನ್ನೇ ಕೇಳಿದ. ಹುಡುಗರು ನಕ್ಕರು. ಆಸ್ಬರ್ನ್ ಮಾತ್ರ ಹಿಂದಿರುಗಿ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರ ಹೆಸರಿನಲ್ಲೂ ಪ್ರಬಂಧ ಪ್ರಕಟವಾಯಿತು. ಬಿಸಿಯಾದದ್ದು ಕೆಲವೊಮ್ಮೆ ಮೊದಲು ಹೆಪ್ಪುಗಟ್ಟುವುದಕ್ಕೆ ಇವತ್ತಿಗೂ ಎಂಪೆಂಬಾ ಪರಿಣಾಮ ಎಂದೇ ಹೆಸರು.

"ಹಾಗಾದ್ರೆ ನಿಜವೇ?" ಎಂದಳು ಹುಡುಗಿ.

ನಿಜವೇ ಎಂಬುದು ಇನ್ನೂ ಮುಗಿಯದ ಜಗಳ. ಆವಿಯಾಗಿ ಹೋಗುವ ನೀರು, ಕರಗಿರುವ ಗಾಳಿ, ಪಾತ್ರೆಯೊಳಗಿನ ನೀರಿನ ಹರಿದಾಟ, ಹೀಗೆ ಕಾರಣಗಳನ್ನು ಹುಡುಕಿದವರಿದ್ದಾರೆ. 2016ರಲ್ಲಿ ಬ್ರಿಟನ್ನಿನ ಇಬ್ಬರು ವಿಜ್ಞಾನಿಗಳು ಎಚ್ಚರದಿಂದ ಅಳೆದು ನೋಡಿ, ಅಂಥ ಪರಿಣಾಮಕ್ಕೆ ತಮಗೆ ಪುರಾವೆ ಸಿಗಲಿಲ್ಲ ಎಂದರು. ಎರಡು ಪಾತ್ರೆಗಳಲ್ಲಿ ಥರ್ಮಾಮೀಟರು ಒಂದು ಸೆಂಟಿಮೀಟರಿನಷ್ಟು ಮೇಲೆ ಕೆಳಗಾದರೂ ಇಲ್ಲದ ಪರಿಣಾಮ ಇದ್ದಂತೆ ಕಾಣಬಹುದು ಎಂದೂ ತೋರಿಸಿದರು.

ಮಾಡಿ ನೋಡುವುದು ಎಂದಾಯಿತು. ಎರಡು ಡಬ್ಬಿ, ಒಂದರಲ್ಲಿ ಕುದಿದ ನೀರು, ಒಂದರಲ್ಲಿ ಬಾವಿಯ ನೀರು. ಆಗ ತಕರಾರು ಶುರುವಾಯಿತು. ಬಾವಿ ನೀರನ್ನೂ ಒಮ್ಮೆ ಕುದಿಸಿ ಆರಿಸಬೇಕಲ್ಲವೇ, ಇಲ್ಲದಿದ್ದರೆ ಎರಡೂ ಒಂದೇ ನೀರು ಹೇಗಾದೀತು ಎಂದ ಒಬ್ಬ. ಬಿಸಿ ಡಬ್ಬಿಯ ಸುತ್ತ ಐಸು ಬೇಗ ಕರಗುತ್ತದೆ, ಹಾಗಾದರೆ ಬಕೆಟ್ಟು ಒಂದೇ ಇರಬೇಕೋ ಎರಡೋ ಎಂದಳು ಇನ್ನೊಬ್ಬಳು. ಮೇಲೆ ಪೊರೆ ಕಟ್ಟಿದರೆ ಗೆದ್ದಂತೆಯೋ, ಪೂರ್ತಿ ಗಟ್ಟಿಯಾದರೆ ಗೆದ್ದಂತೆಯೋ ಎಂಬುದು ಇತ್ಯರ್ಥವಾಗಲೇ ಇಲ್ಲ. ಉಪ್ಪಿಲ್ಲದ ಬಕೆಟ್ಟಿನ ಹುಡುಗ ಹಲಗೆಯ ಹತ್ತಿರ ನಿಂತು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಇದ್ದದ್ದು ಒಂದೇ ಥರ್ಮಾಮೀಟರು. ಹೈಸ್ಕೂಲಿನಿಂದ ಇನ್ನೊಂದನ್ನು ನಾಳೆ ತರುತ್ತೇನೆ, ಎರಡನ್ನೂ ಮೊದಲು ಒಂದೇ ನೀರಿಗೆ ಇಳಿಸಿ ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಿಕೊಂಡೇ ಶುರು ಮಾಡೋಣ ಎಂದರು ಅಕ್ಕೋರು. ಐಸಿಗೆ ತದಡಿಗೆ ಫೋನು ಹೋಯಿತು. ಈ ಸಲ ಇಡೀ ಗಡ್ಡೆ.